ಸಹಾಯ ಬೇಕು: ಇಳಕಲ್ ಕಡೆ ಬೇಸಿಗೆ ಇಂಟರ್ನ್‌ಶಿಪ್

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಮೊದಲ ವರ್ಷದ ಎಂಬಿಎ ಓದುತ್ತಿದ್ದೇನೆ. ಮೇ, ಜೂನ್‌ನಲ್ಲಿ 8 ವಾರ ಇಂಟರ್ನ್‌ಶಿಪ್ ಮಾಡಬೇಕು. ಸುಮ್ನೆ ಸರ್ಟಿಫಿಕೇಟ್‌ಗಾಗಿ ಎಲ್ಲೋ ಕೂತು ಬರುವ ಮನಸ್ಸಿಲ್ಲ. ಹೋದ ವರ್ಷ ನಮ್ಮ ಸೀನಿಯರ್ ಒಬ್ಬರು ಒಂದು ಕಂಪನಿಯಲ್ಲಿ ಎರಡು ತಿಂಗಳೂ ಬರೀ ಸೇಲ್ಸ್ ಫೋನ್ ಮಾಡಿದರು. ಅವರಿಗೆ ಕಲಿಯಲು ಏನೂ ಸಿಗಲಿಲ್ಲ.

ನನಗೆ ಇಳಕಲ್ ಸೀರೆ ನೇಕಾರರ ಜೊತೆ ಕೆಲಸ ಮಾಡುವ ಆಸೆ. ನಮ್ಮ ಅಜ್ಜಿ ಉಡುತ್ತಿದ್ದದ್ದೂ ಅದೇ ಸೀರೆ. ಒಡಲಿನ ಹಾಸು ನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಎಳೆದ ದಾರ) ಸೆರಗಿನ ರೇಷ್ಮೆ ಹಾಸನ್ನು ಕುಣಿಕೆ ಹಾಕಿ ಜೋಡಿಸುತ್ತಾರಲ್ವಾ, ಆ ತೋಪ್ ತೆನಿ ಕೆಲಸಕ್ಕೆ ಪ್ರತಿ ಸೀರೆಯ ಹಾಸನ್ನೂ ಬೇರೆಯಾಗಿಯೇ ಸಿದ್ಧ ಮಾಡಬೇಕು. ಆ ಸಮಯಕ್ಕೆ, ಮನೆಯವರ ದುಡಿಮೆಗೆ ಬೆಲೆಯಲ್ಲಿ ಲೆಕ್ಕ ಸಿಗುತ್ತಿದೆಯೇ? ಇದನ್ನೇ ಕೂತು ನೋಡಬೇಕು.

ಖರ್ಚಿನ ಲೆಕ್ಕ, ಸ್ಟಾಕ್ ಪಟ್ಟಿ, ಆನ್‌ಲೈನ್ ಮಾರಾಟಕ್ಕೆ ಫೋಟೋ, ವಿವರ ಎಲ್ಲ ಮಾಡಿಕೊಡುತ್ತೇನೆ. ಎಕ್ಸೆಲ್ ಚೆನ್ನಾಗಿ ಬರುತ್ತದೆ. ಸ್ಟೈಪೆಂಡ್ ಬೇಡ. ಉಳಿಯಲು ಒಂದು ಜಾಗ, ಕಾಲೇಜಿಗೆ ಕೊಡಲು ಸಂಸ್ಥೆಯ ಒಂದು ಪತ್ರ ಸಾಕು.

ಇಳಕಲ್, ಗುಳೇದಗುಡ್ಡ ಕಡೆ ನೇಕಾರರ ಸಹಕಾರ ಸಂಘದಲ್ಲಿ ಯಾರಾದರೂ ಪರಿಚಯ ಇದ್ದರೆ ದಯವಿಟ್ಟು ತಿಳಿಸಿ. ಬ್ಯಾಡಗಿ ಕಡೆಯ ಮೆಣಸಿನಕಾಯಿ ರೈತರ ಕಂಪನಿ ಆದರೂ ಖುಷಿಯಿಂದ ಬರುತ್ತೇನೆ. ಮಾರ್ಚ್ ಕೊನೆಯೊಳಗೆ ಕಾಲೇಜಿಗೆ ಹೆಸರು ಕೊಡಬೇಕು.