ಪದಚರ್ಚೆ: ‘ಪ್ರಿವಲೆನ್ಸ್’ಗೆ ‘ಹರಡುವಿಕೆ’ ಒಗ್ಗುತ್ತದೆಯೆ? ‘ಡ್ಯಾಲಿ’ಗೆ ಏನನ್ನೋಣ?

ಮೈಸೂರಿನಿಂದ:

ಬಳಗದವರಿಗೆ ನಮಸ್ಕಾರ. ದೀರ್ಘಕಾಲದ ಕಾಯಿಲೆಗಳ ಮನೆಮನೆ ಸಮೀಕ್ಷೆಗೆ ಆಶಾ ಕಾರ್ಯಕರ್ತೆಯರು ಬಳಸುವ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಪ್ರಿವಲೆನ್ಸ್ (ಒಂದು ಹೊತ್ತಿನಲ್ಲಿ ಕಾಯಿಲೆ ಇರುವವರ ಪಾಲು), ಇನ್ಸಿಡೆನ್ಸ್ (ಹೊಸದಾಗಿ ಕಾಯಿಲೆ ಬರುವ ದರ) ಎರಡಕ್ಕೂ ಕರಡಿನಲ್ಲಿ ‘ಹರಡುವಿಕೆ’ ಎಂದಿದೆ. ಕಾಯಿಲೆಯಿಂದ ಕಳೆದುಹೋದ ಆರೋಗ್ಯವನ್ನು ವರ್ಷಗಳಲ್ಲಿ ಅಳೆಯುವ ‘ಡ್ಯಾಲಿ’ಗೆ (ಡಿಸಬಿಲಿಟಿ-ಅಡ್ಜಸ್ಟೆಡ್ ಲೈಫ್ ಇಯರ್) ‘ಅಂಗವೈಕಲ್ಯ ಹೊಂದಾಣಿಕೆಯ ಜೀವಿತ ವರ್ಷ’ ಎಂದಿದ್ದು, ಓದಿದವರಿಗೆ ತಲೆಬುಡ ಹತ್ತುತ್ತಿಲ್ಲ. ‘ರೋಗದ ಹೊರೆ’ ಎಂಬುದನ್ನು ಉಳಿಸಿಕೊಳ್ಳಬಹುದೆ? ಮನೆಬಾಗಿಲಲ್ಲಿ ಕೇಳುವ ಪ್ರಶ್ನೆಗಳ ಮಾತು ಹೇಗಿರಬೇಕು? ತಿಳಿದವರು ತಿದ್ದಿ.

ಮಂಡ್ಯದಿಂದ:

‘ಹರಡುವಿಕೆ’ಯನ್ನು ಮೊದಲು ತೆಗೆಯಿರಿ. ಡೆಂಗಿ ಹರಡುತ್ತದೆ, ಸಕ್ಕರೆ ಕಾಯಿಲೆ ಹರಡುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ಒಂದೇ ಪದದಲ್ಲಿ ಎರಡು ಲೆಕ್ಕ ಬೆರೆತುಹೋಗುವುದು. ನಮ್ಮ ಕಡೆ ಕೆ.ಆರ್.ಎಸ್. ಅಣೆಕಟ್ಟೆಯ ನೀರಿನ ಮಟ್ಟ, ಒಳಹರಿವು, ಹೊರಹರಿವು ಪತ್ರಿಕೆಯಲ್ಲಿ ದಿನವೂ ಬರುತ್ತವೆ. ಮೂರನ್ನೂ ಯಾರೂ ಕಲಸುವುದಿಲ್ಲ. ಪ್ರಿವಲೆನ್ಸ್ ಎಂದರೆ ಮಟ್ಟ, ಇನ್ಸಿಡೆನ್ಸ್ ಎಂದರೆ ಒಳಹರಿವು. ವಾಸಿಯಾಗುವುದೂ ಸಾಯುವುದೂ ಹೊರಹರಿವು.

ಲೆಕ್ಕ ಮಾಡಿ ನೋಡೋಣ, ಅಂಕಿಗಳು ಉದಾಹರಣೆಗಷ್ಟೆ. 10,000 ವಯಸ್ಕರಲ್ಲಿ 1,000 ಜನಕ್ಕೆ ಸಕ್ಕರೆ ಕಾಯಿಲೆ ಇದೆ: ಮಟ್ಟ ಶೇ. 10. ಉಳಿದ 9,000 ಜನರಲ್ಲಿ ವರ್ಷಕ್ಕೆ 90 ಮಂದಿಗೆ ಹೊಸದಾಗಿ ಬರುತ್ತದೆ: 1,000 ವ್ಯಕ್ತಿ-ವರ್ಷಕ್ಕೆ 10 (ಒಬ್ಬರನ್ನು ಒಂದು ವರ್ಷ ಗಮನಿಸಿದರೆ ಒಂದು ವ್ಯಕ್ತಿ-ವರ್ಷ). ಮಟ್ಟ ಏರದೆ ಇಳಿಯದೆ ನಿಂತಿದ್ದರೆ ಒಬ್ಬೊಬ್ಬರು ಕಾಯಿಲೆಯೊಂದಿಗೆ ಸರಾಸರಿ 11 ವರ್ಷ ಬಾಳುತ್ತಿದ್ದಾರೆಂದು ಅರ್ಥ. ಚಿಕಿತ್ಸೆ ಸುಧಾರಿಸಿ ಆ 11 ವರ್ಷ 15 ಆಯಿತೆನ್ನಿ. ಹೊಸದಾಗಿ ಬರುವ ದರ ಒಂದಿಷ್ಟೂ ಹೆಚ್ಚದೆ ಮಟ್ಟ ಕ್ರಮೇಣ ಶೇ. 13ಕ್ಕೆ ಮುಟ್ಟುತ್ತದೆ. ಇದನ್ನು ‘ಹರಡುವಿಕೆ ಹೆಚ್ಚಳ’ ಎಂದು ಬರೆದರೆ ಒಳ್ಳೆಯ ಸುದ್ದಿ ಕೆಟ್ಟ ಸುದ್ದಿಯಾಯಿತು.

ನನ್ನ ಸಲಹೆ: ಪ್ರಿವಲೆನ್ಸ್‌ಗೆ ‘ಇರುವಿಕೆ’, ಇನ್ಸಿಡೆನ್ಸ್‌ಗೆ ‘ಹೊಸ ಸೇರ್ಪಡೆ ದರ’. ‘ಸಂಭವ’ ಎಂದು ಬರೆಯುವವರಿದ್ದಾರೆ, ಆದರೆ ಅದು ‘ಆಗಬಹುದು’ ಎಂಬ ಕಡೆಗೆ ಎಳೆಯುತ್ತದೆ. ಇರುವಿಕೆ ಒಂದು ಸಲದ ಸಮೀಕ್ಷೆಯಲ್ಲಿ ಸಿಗುತ್ತದೆ. ಹೊಸ ಸೇರ್ಪಡೆಗೆ ಕಾಯಿಲೆ ಇಲ್ಲದವರನ್ನು ಗುರುತಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರ ಸಕ್ಕರೆ ಅಳೆದು, ಮುಂದೆ ಅವರ ಮಕ್ಕಳನ್ನೂ ಅಳೆಯುತ್ತಾ ಹೋದ ಅಧ್ಯಯನ ಇಂಥ ಹಿಂಬಾಲಿಕೆಯದು. ‘ವ್ಯಕ್ತಿ-ವರ್ಷ’ ಹಾಗೇ ಇರಲಿ, ಅರ್ಥವಾಗುತ್ತದೆ.

‘ಹೊರೆ’ ಉಳಿಯಲಿ, ರೂಢಿಯಾಗಿದೆ. ಆದರೆ ‘ಮನೆಯವರಿಗೆ ಹೊರೆ’ ಎಂಬ ಮಾತು ಪಕ್ಕದಲ್ಲೇ ಇರುವುದರಿಂದ ಕೆಲವರು ಆಸ್ಪತ್ರೆ ಖರ್ಚೆಂದೂ, ಇನ್ನು ಕೆಲವರು ರೋಗಿಯೇ ಹೊರೆಯೆಂದೂ ಓದುತ್ತಾರೆ. ಡ್ಯಾಲಿಯಲ್ಲಿ ಒಂದು ರೂಪಾಯಿಯ ಲೆಕ್ಕವೂ ಇಲ್ಲ. ಅಳೆಯುವುದು ಕಳೆದುಹೋದ ಆರೋಗ್ಯವನ್ನು. ಅದಕ್ಕೇ ‘ಆರೋಗ್ಯ-ವರ್ಷ ನಷ್ಟ’ ಎನ್ನೋಣ. ಅದು ಎರಡು ಬಾಬ್ತುಗಳ ಮೊತ್ತ: ಅಕಾಲ ಸಾವಿನಿಂದ ಹೋದ ವರ್ಷಗಳು, ಕಾಯಿಲೆಯೊಂದಿಗೆ ಬದುಕಿ ಹೋದ ವರ್ಷಗಳು. ಮೊದಲನೆಯದಕ್ಕೆ, ಸತ್ತ ವಯಸ್ಸಿನಲ್ಲಿ ಇನ್ನೆಷ್ಟು ಆಯಸ್ಸು ಉಳಿದಿತ್ತು ಎಂದು ಆಯುರ್ಪಟ್ಟಿ ನೋಡಿ ಕೂಡಿಸುವುದು. ಎರಡನೆಯದಕ್ಕೆ, ಇರುವಿಕೆಯನ್ನು ‘ನಷ್ಟದ ತೂಕ’ದಿಂದ ಗುಣಿಸುವುದು. ಪೂರ್ಣ ಆರೋಗ್ಯಕ್ಕೆ ತೂಕ 0, ಸಾವಿಗೆ 1.

ಜಾಗತಿಕ ರೋಗಹೊರೆ ಅಧ್ಯಯನದ 2013ರ ಪಟ್ಟಿಯಲ್ಲಿ ‘ದಿನವೂ ಮಾತ್ರೆ ನುಂಗಬೇಕು, ಸ್ವಲ್ಪ ಚಿಂತೆ ಇದೆ, ಕೆಲಸಕ್ಕೆ ಅಷ್ಟೇನೂ ಅಡ್ಡಿಯಿಲ್ಲ’ ಎಂಬ ಸ್ಥಿತಿಗೆ 0.049, ಕಣ್ಣು ಪೂರ್ತಿ ಹೋದರೆ 0.187. ಅಂದರೆ ಬರೀ ಮಾತ್ರೆಯಲ್ಲಿ ನಡೆಯುವ 1,000 ಜನರಿಂದ ವರ್ಷಕ್ಕೆ 49 ಆರೋಗ್ಯ-ವರ್ಷ ನಷ್ಟ. ಇನ್ನೂ 25 ವರ್ಷ ಬಾಳಬೇಕಿದ್ದ ಇಬ್ಬರು ಸತ್ತರೆ 50. ಕುರುಡಿನ ತೂಕ ಇಷ್ಟು ಕಡಿಮೆಯೆ ಎಂದು ಜಗಳಕ್ಕೆ ನಿಲ್ಲುವವರು ಬಹಳ, ಅದರಲ್ಲಿ ತಪ್ಪೂ ಇಲ್ಲ. ಈ ತೂಕ ಅಳೆಯುವುದು ದೇಹ-ಮನಸ್ಸಿನ ಆರೋಗ್ಯ ಎಷ್ಟು ತಗ್ಗಿತು ಎಂಬುದನ್ನು ಮಾತ್ರ. ಬದುಕಿನ ಸುಖದುಃಖವನ್ನಾಗಲಿ ಸಮಾಜದ ಉಪೇಕ್ಷೆಯನ್ನಾಗಲಿ ಅಲ್ಲ. ಅಡಿಟಿಪ್ಪಣಿಯಲ್ಲಿ ಇಷ್ಟಾದರೂ ಬರಲಿ.

‘ಅಂಗವೈಕಲ್ಯ’ ಇಲ್ಲಿ ಬೇಡವೇ ಬೇಡ. ಸೊಂಟನೋವು, ಖಿನ್ನತೆ ಈ ಲೆಕ್ಕದಲ್ಲಿ ದೊಡ್ಡ ಪಾಲು ಪಡೆಯುತ್ತವೆ; ಅಲ್ಲಿ ಊನವಾದ ಅಂಗ ಯಾವುದು? ‘ಹೊಂದಾಣಿಕೆ’ಯಂತೂ ಗಂಡಹೆಂಡಿರ ರಾಜಿ ಪಂಚಾಯಿತಿಯಂತೆ ಕೇಳುತ್ತದೆ.

ಹಳೆಯ ವರದಿಗಳ ಅಂಕಿಯನ್ನು ಪಕ್ಕದಲ್ಲಿಟ್ಟು ಹೋಲಿಸುವಾಗ ಎಚ್ಚರ. ವಿಶ್ವಬ್ಯಾಂಕಿನ 1993ರ ವರದಿಯ ಡ್ಯಾಲಿಯಲ್ಲಿ ನಡುವಯಸ್ಸಿನ ವರ್ಷಕ್ಕೆ ಹೆಚ್ಚು ಬೆಲೆಯಿತ್ತು, ಮುಂದಿನ ವರ್ಷಗಳಿಗೆ ವರ್ಷಕ್ಕೆ ಶೇ. 3ರಂತೆ ಕಡಿತವಿತ್ತು. ಜಾಗತಿಕ ರೋಗಹೊರೆ ಅಧ್ಯಯನದ 2010ರ ಆವೃತ್ತಿಯಲ್ಲಿ ಎರಡನ್ನೂ ಕೈಬಿಟ್ಟರು; ಎರಡನೆಯ ಬಾಬ್ತನ್ನು ಹೊಸ ಸೇರ್ಪಡೆಯ ಬದಲು ಇರುವಿಕೆಯಿಂದ ಕಟ್ಟತೊಡಗಿದರು. ಪದ ಒಂದೇ, ಲೆಕ್ಕ ಬೇರೆ.

ಇನ್ನು ಪ್ರಶ್ನೆಗಳು. ‘ನಿಮಗೆ ದೀರ್ಘಕಾಲಿಕ ಕಾಯಿಲೆ ಇದೆಯೇ?’ ಎಂದು ಕೇಳಿದರೆ ‘ಇಲ್ಲ’ ಎಂದೇ ಬರುತ್ತದೆ. ‘ಶುಗರ್ ಇದೆಯೇ?’ ಎಂದರೂ, ಮಾತ್ರೆಯಿಂದ ಹತೋಟಿಯಲ್ಲಿರುವವರು ‘ಈಗ ನಾರ್ಮಲ್ ಐತೆ’ ಎಂದುಬಿಡುತ್ತಾರೆ. ಕೇಳಬೇಕಾದ್ದು: ‘ನಿಮಗೆ ಶುಗರ್ ಅಥವಾ ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರಾಗಲಿ ನರ್ಸಾಗಲಿ ಯಾವತ್ತಾದರೂ ಹೇಳಿದ್ದಾರಾ?’ ಆಮೇಲೆ, ‘ಕಳೆದ ಎರಡು ವಾರದಲ್ಲಿ ಅದಕ್ಕೆ ಮಾತ್ರೆ ತಗೊಂಡಿದ್ದೀರಾ?’

‘ಖಾಲಿ ಹೊಟ್ಟೆ’ಯನ್ನು ಬಿಡಿಸಿ ಹೇಳದಿದ್ದರೆ ಕೆಟ್ಟಿತು. ಕಾಫಿ ಕುಡಿದದ್ದು ನಮ್ಮಲ್ಲಿ ತಿಂದಂತೆ ಅಲ್ಲವಲ್ಲ! ‘ರಾತ್ರಿ ಊಟ ಆದಮೇಲೆ ಕನಿಷ್ಠ 8 ಗಂಟೆ ಬರೀ ನೀರು ಕುಡಿಯಬಹುದು; ಕಾಫಿ, ಟೀ, ಹಾಲು, ಎಲೆಅಡಿಕೆ ಏನೂ ಬೇಡ’ ಎಂದು ಹಿಂದಿನ ಸಂಜೆಯೇ ಹೇಳಿರಬೇಕು. ಹಾಲು-ಸಕ್ಕರೆಯ ಒಂದು ಲೋಟ ಕಾಫಿ ಸಾಕು, ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಕಾಯಿಲೆ ಎಂದು ಗುರುತಿಸುವ 126 ಮಿಲಿಗ್ರಾಮಿನ (ಡೆಸಿಲೀಟರ್ ರಕ್ತಕ್ಕೆ) ಗೆರೆಯ ಕೆಳಗಿದ್ದವರು ಮೇಲೆ ಬಂದು ಕೂರಬಹುದು.

ಮೈಸೂರಿನಿಂದ, ಮತ್ತೆ:

‘ಇರುವಿಕೆ’, ‘ಹೊಸ ಸೇರ್ಪಡೆ ದರ’, ‘ಆರೋಗ್ಯ-ವರ್ಷ ನಷ್ಟ’ ಮೂರನ್ನೂ ಕರಡಿಗೆ ಹಾಕಿದ್ದಾಯಿತು. ಇನ್ನೊಂದು ತೊಡಕು: ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಯಾವ ಹೊತ್ತಿನಲ್ಲಾದರೂ ಬೆರಳು ಚುಚ್ಚಿ ನೋಡಿ, 140 ದಾಟಿದವರನ್ನೂ ಮಾತ್ರೆ ತೆಗೆದುಕೊಳ್ಳುವವರನ್ನೂ ಒಂದೇ ಸಾಲಿನಲ್ಲಿ ಎಣಿಸಿದೆ. ಅದನ್ನು ‘ಸಕ್ಕರೆ ಕಾಯಿಲೆಯ ಇರುವಿಕೆ’ ಎನ್ನಬಹುದೆ?

ಮಂಡ್ಯದಿಂದ:

ಬೇಡ. ‘ರಕ್ತದಲ್ಲಿ ಸಕ್ಕರೆ ಹೆಚ್ಚಿರುವವರು ಅಥವಾ ಮಾತ್ರೆಯಲ್ಲಿರುವವರು’ ಎಂದು ಉದ್ದಕ್ಕೇ ಬರೆಯಿರಿ. ಊಟವಾದ ಹೊತ್ತಿನಲ್ಲಿ 140 ದಾಟಿದ ಮಾತ್ರಕ್ಕೆ ಕಾಯಿಲೆ ಎನ್ನಲಾಗದು. ಕೋಷ್ಟಕದ ತಲೆಬರಹದಲ್ಲಿ ಜಾಗ ಸಾಲದಿದ್ದರೆ ‘ಹೆಚ್ಚಿನ ಸಕ್ಕರೆ ಮಟ್ಟ’ ಎಂದು ಹಾಕಿ, ಅಳತೆ ಖಾಲಿ ಹೊಟ್ಟೆಯದೋ ಅಲ್ಲವೋ ಎಂಬುದನ್ನು ಪಕ್ಕದಲ್ಲೇ ಕೊಡಿ.