‘ಪ್ರೊಪಗ್ಯಾಂಡ’ಕ್ಕೆ ‘ಅಪಪ್ರಚಾರ’ ಸರಿಯೇ?

ನಮಸ್ಕಾರ. ಅಮೆರಿಕ, ಯುರೋಪಿನಲ್ಲೇ ಬೆಳೆದ ಹುಡುಗರು ಐಸಿಸ್‌ನಂಥ ಗುಂಪುಗಳ ಕಡೆ ಹೇಗೆ ವಾಲಿದರು, ಅದರಲ್ಲಿ ಚಿತ್ರ, ವಿಡಿಯೊಗಳ ಪಾಲೆಷ್ಟು ಅನ್ನುವುದರ ಬಗ್ಗೆ ಬರೆಯುತ್ತಿದ್ದೇನೆ. ‘ಪ್ರೊಪಗ್ಯಾಂಡ’ ಅನ್ನುವಲ್ಲಿ ಪೆನ್ನು ನಿಂತಿದೆ.

‘ಪ್ರಚಾರ’ ತೀರಾ ಸಾಧು ಪದ. ಚುನಾವಣೆಗೂ ಅದೇ, ಪೋಲಿಯೊ ಹನಿಗೂ ಅದೇ. ‘ಅಪಪ್ರಚಾರ’ ಅಂದರೆ ಇನ್ನೊಬ್ಬರ ಹೆಸರು ಕೆಡಿಸುವುದು, ಅಲ್ವಾ? 2014ರಲ್ಲಿ ಐಸಿಸ್ ಶುರು ಮಾಡಿದ ‘ದಾಬಿಕ್’ ಪತ್ರಿಕೆ ವೈರಿಗಳನ್ನು ಬೈದದ್ದು ನಿಜ, ಆದರೆ ಬಣ್ಣಬಣ್ಣದ ಪುಟಗಳಲ್ಲಿ ತನ್ನನ್ನೇ ಹೊಗಳಿಕೊಂಡದ್ದೂ ಜಾಸ್ತಿಯೇ.

ಸುಳ್ಳು ಹರಡುವುದು ಇದರ ಒಂದು ಭಾಗ ಮಾತ್ರ. ಕಪ್ಪು ಬಾವುಟ, ಸಿಂಹ, ಹುತಾತ್ಮರ ಆತ್ಮ ಹಸಿರು ಹಕ್ಕಿಯೊಳಗೆ ಇರುತ್ತದೆ ಅನ್ನುವ ಹದೀಸಿನಿಂದ (ಪ್ರವಾದಿಯವರ ಮಾತುಗಳ ದಾಖಲೆ) ಎತ್ತಿಕೊಂಡ ಹಕ್ಕಿಯ ಚಿತ್ರ, ‘ಕಾಲ್ ಆಫ್ ಡ್ಯೂಟಿ’ ಅನ್ನುವ ಯುದ್ಧದ ವಿಡಿಯೊ ಆಟವನ್ನು ನೆನಪಿಸುವ ಪೋಸ್ಟರ್, ಹೀಗೆ ಎಲ್ಲ ಸೇರಿ ಒಂದು ಗುರುತೇ ಆಗಿಬಿಟ್ಟಿತು. ತೋರುಬೆರಳು ಎತ್ತುವುದು ಸಾಮಾನ್ಯ ಮುಸ್ಲಿಮರು ನಮಾಜಿನಲ್ಲಿ ಮಾಡುವುದೇ. ಅದನ್ನೂ ಇವರು ತಮ್ಮದಾಗಿಸಿಕೊಂಡರು, ಅದು ನನಗೆ ತುಂಬಾ ನೋವಿನ ಸಂಗತಿ. ಅಮೆರಿಕದ ಅಲಬಾಮಾದ ಒಮರ್ ಹಮ್ಮಾಮಿ ಸೊಮಾಲಿಯಾದ ಉಗ್ರ ಗುಂಪು ಅಲ್-ಶಬಾಬ್ ಸೇರಿ ಇಂಗ್ಲಿಷಿನಲ್ಲಿ ರ‍್ಯಾಪ್ ಹಾಡಿದ. ಬರ್ಲಿನ್ನಿನ ರ‍್ಯಾಪರ್ ಡೆನಿಸ್ ಕುಸ್ಪರ್ಟ್ ಐಸಿಸ್ ವಿಡಿಯೊಗಳಲ್ಲಿ ಕಾಣಿಸಿಕೊಂಡ. ಟ್ವಿಟರ್‌ನಲ್ಲಿ ಇದ್ದ ಐಸಿಸ್ ಬೆಂಬಲಿಗರು ತಮ್ಮನ್ನು ‘ಬಾಕಿಯಾ ಫ್ಯಾಮಿಲಿ’ ಅಂತ ಕರೆದುಕೊಳ್ಳುತ್ತಿದ್ದರು. ಬಾಕಿಯಾ ಅಂದರೆ ಉಳಿಯುವಂಥದ್ದು. ನಮ್ಮ ‘ಬಾಕಿ’ಯೂ ಅದೇ ಅರಬ್ಬಿ ಮೂಲದ್ದು.

‘ಮರುಳು ಮಾಡುವ ಪ್ರಚಾರ’ ಅನ್ನೋಣ ಅಂದುಕೊಂಡೆ. ಆದರೆ ಹಾಗಂದರೆ ಆ ಹುಡುಗರು ಸುಮ್ನೆ ಕೂತು ಮರುಳಾದರು ಅಂತಾಗುತ್ತದೆ. ಎಷ್ಟೋ ಮಂದಿ ತಾವೇ ಚಿತ್ರ ಮಾಡಿ, ತಾವೇ ಹಂಚಿದವರು, ಆ ಹೊಣೆ ಪದದಲ್ಲಿ ಮರೆಯಾಗಬಾರದು. ಇವರೆಲ್ಲ ಸೇರಿ ಕಟ್ಟಿಕೊಂಡ ಲೋಕಕ್ಕೆ ‘ಉಪಸಂಸ್ಕೃತಿ’ (ಸಬ್‌ಕಲ್ಚರ್) ಅನ್ನುವುದೂ ಒಗ್ಗುತ್ತಿಲ್ಲ, ಯಾವುದೋ ಸಂಸ್ಕೃತಿಯ ಸಣ್ಣ ಕೊಂಬೆ ಅನ್ನಿಸುತ್ತದೆ. ಇವರು ಮನೆಯವರ ನಂಬಿಕೆಯನ್ನೂ ಊರಿನ ರೀತಿಯನ್ನೂ ಬಿಟ್ಟು ಹೊರಟವರು. ‘ಬಳಗ’ ಬೆಚ್ಚಗಿನ ಪದ, ಇಂಥವರಿಗೆ ಕೊಡಲು ಮನಸ್ಸು ಒಪ್ಪುವುದಿಲ್ಲ, ಆದರೂ ಅವರನ್ನು ಸೆಳೆದದ್ದು ಆ ಬೆಚ್ಚಗಿನ ಭಾವವೇ ಅನ್ನುವುದು ನನ್ನ ಅನಿಸಿಕೆ.

2014ರ ಡಿಸೆಂಬರಿನಲ್ಲಿ, ಐಸಿಸ್ ಪರವಾಗಿದ್ದ ‘ಶಮಿ ವಿಟ್ನೆಸ್’ ಟ್ವಿಟರ್ ಖಾತೆ ಬೆಂಗಳೂರಿನಿಂದಲೇ ನಡೆಯುತ್ತಿತ್ತು ಅಂತ ಬಯಲಾಯಿತಲ್ಲ, ಆಗ ಕನ್ನಡ ಪತ್ರಿಕೆಗಳು ಆ ಕೆಲಸಕ್ಕೆ ಯಾವ ಪದ ಬಳಸಿದ್ದವು? ಹಳೆಯ ಪ್ರತಿ ಇಟ್ಟುಕೊಂಡವರು ವಾಕ್ಯದ ಸಮೇತ ಕೊಟ್ಟರೆ ತುಂಬಾ ಉಪಕಾರ.