ಸಹಾಯ ಬೇಕು: ಓದಿ ಹೇಳುವ ಕಂಪ್ಯೂಟರಿನಿಂದ ದೊಡ್ಡವರಿಗೆ ಅಕ್ಷರ ಕಲಿಸಬೇಕು

ನಮಸ್ಕಾರ. ಮದ್ದೂರಿನ ಹತ್ತಿರದ ನಮ್ಮೂರಿನಲ್ಲಿ, ಡೇರಿಗೆ ಹಾಲು ಹಾಕಿ ಬರುವ ಒಂಬತ್ತು ಮಂದಿ ಹೆಂಗಸರಿಗೆ ಸಂಜೆ ಓದಲು ಕಲಿಸುತ್ತಿದ್ದೇನೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ, ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಹಾಕಿದ್ದೇನೆ. ಅದರೊಳಗಿನ ಇಸ್ಪೀಕ್ ಧ್ವನಿ ಇಂಟರ್ನೆಟ್ ಇಲ್ಲದೆಯೂ ಕನ್ನಡ ಓದುತ್ತದೆ, ದುಡ್ಡೂ ಬೇಡ. ಆದರೆ ಡಬ್ಬದೊಳಗೆ ಕುಳಿತು ಮಾತನಾಡಿದ ಹಾಗಿದೆ. “ಇದಕ್ಕೇನವ್ವ, ನೆಗಡಿ ಹಿಡಿದಿದೆಯಾ?” ಎಂದು ಅಜ್ಜಿಯೊಬ್ಬರು ಕೇಳಿಯೇಬಿಟ್ಟರು.

ಅದನ್ನು ಸಹಿಸಬಹುದು. ಓದುತ್ತಿರುವ ಪದ ಯಾವುದೆಂದು ಪರದೆಯ ಮೇಲೆ ಕಾಣದಿರುವುದೇ ನಿಜವಾದ ತೊಂದರೆ. ಯಂತ್ರ “ಮಂಡ್ಯ” ಎನ್ನುವಾಗ ಆ ಪದಕ್ಕೆ ಮಾತ್ರ ಬಣ್ಣ ಬಂದರೆ, ಡಕಾರದ ಜೊತೆಗಿನ ಯಒತ್ತು ಅವರ ಕಣ್ಣಿಗೆ ಬೀಳುತ್ತದೆ. ಈಗ ಕಿವಿಗೆ ಬಿದ್ದದ್ದನ್ನು ಬಾಯಿಪಾಠ ಒಪ್ಪಿಸುತ್ತಾರೆ, ಕಣ್ಣು ಬಾಗಿಲಿನ ಕಡೆ.

ಜೊತೆಗೆ, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟ ಪಾಠಗಳು ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಅಲ್ಲದ್ದರಿಂದ ಯಂತ್ರ ಏನೇನೋ ಬಡಬಡಿಸುತ್ತದೆ. ಒತ್ತಕ್ಷರ ಕೆಡದಂತೆ ಪರಿವರ್ತಿಸುವುದು ಹೇಗೆ?

ಪದಕ್ಕೆ ಬಣ್ಣ ಹಚ್ಚುತ್ತ ನಿಧಾನವಾಗಿ ಓದುವ ಉಚಿತ ಕನ್ನಡ ತಂತ್ರಾಂಶವನ್ನು ಯಾರಾದರೂ ಬಳಸಿದ್ದೀರಾ? ಮಕ್ಕಳ ಗಿಣಿ, ಮೊಲದ ಚಿತ್ರದ್ದು ಬೇಡ, ಮೊಮ್ಮಕ್ಕಳಿರುವವರಿಗೆ ಮುಜುಗರವಾಗುತ್ತದೆ. ಪಡಿತರ ಚೀಟಿ, ಬಸ್ ಬೋರ್ಡಿನ ಪದಗಳನ್ನು ನಾನೇ ಸೇರಿಸುವಂತಿರಬೇಕು. ಮಂಡ್ಯದ ಕಡೆಯವರಾದರೆ ಒಂದು ಸಂಜೆ ಬಂದು ನೋಡಿ, ಕಾಫಿ ನನ್ನದು.